ಮುಟ್ಟಿದ ಗುರುತು

(ಬಾನುಲಿ ಭಾಷಣ)

ನಮ್ಮ ಯಕೃತ್ತಿನ ಒಂದು ಕೋಶವನ್ನೂ ಮಿದುಳಿನ ಒಂದು ಕೋಶವನ್ನೂ ಅಕ್ಕಪಕ್ಕದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವೆರಡೂ ಒಂದೇ ದೇಹಕ್ಕೆ ಸೇರಿದವೆಂದು ನಂಬುವುದು ಕಷ್ಟ. ಒಂದು ಮೂಲೆಗಳು ಮೊಂಡಾದ ಇಟ್ಟಿಗೆಯ ಹಾಗಿದೆ. ಇನ್ನೊಂದು ಬೇರುಗಳನ್ನೂ ರೆಂಬೆಗಳನ್ನೂ ಚಾಚಿದ ಮರದ ಹಾಗಿದೆ. ಒಂದರ ಕೆಲಸ ಸಕ್ಕರೆಯನ್ನು ಕೂಡಿಡುವುದು, ವಿಷವನ್ನು ಕಳೆಯುವುದು. ಇನ್ನೊಂದರ ಕೆಲಸ ಸುದ್ದಿಯನ್ನು ಸಾಗಿಸುವುದು. ಆದರೂ ಇವೆರಡರ ಕೇಂದ್ರದಲ್ಲಿರುವ ಡಿಎನ್‌ಎ ಎಂಬ ದೀರ್ಘ ತಂತುವಿನ ಬರಹ ಒಂದೇ. ಗ್ರಂಥ ಒಂದೇ ಆಗಿದ್ದರೂ ಒಂದೊಂದು ಕೋಶವೂ ಓದಿಕೊಂಡಿರುವ ಅಧ್ಯಾಯಗಳು ಬೇರೆ ಬೇರೆ.

ಯಾವ ಅಧ್ಯಾಯವನ್ನು ತೆರೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ನಿರ್ಧರಿಸುವವರು ಯಾರು? ಡಿಎನ್‌ಎಯ ಮೇಲೆ ಗೊತ್ತಾದ ಸ್ಥಳಗಳಲ್ಲಿ ಬಂದು ಕೂರುವ ಕೆಲವು ಪ್ರೋಟೀನುಗಳು. ಇದು ಪಠ್ಯಪುಸ್ತಕದ ಉತ್ತರ. ಉತ್ತರವೇನೋ ಸರಿಯಾದದ್ದೇ. ಆದರೆ ನಾನು ಇಲ್ಲಿ ಹೇಳಬೇಕೆಂದಿರುವುದು ಆ ಉತ್ತರವನ್ನಲ್ಲ; ಅದು ನಮಗೆ ತಿಳಿದ ಬಗೆಯನ್ನು. ಕಣ್ಣಿಗೆ ಕಾಣದ ಒಂದು ಅಣು, ಕಣ್ಣಿಗೆ ಕಾಣದ ಇನ್ನೊಂದು ಅಣುವನ್ನು, ಜೀವಂತ ಕೋಶದೊಳಗೆ, ಇಂಥಲ್ಲಿಯೇ ಮುಟ್ಟಿತು ಎಂದು ಯಾರಾದರೂ ಹೇಳಿದರೆ, 'ನೀವು ಕಂಡಿರಾ?' ಎಂದು ಕೇಳುವ ಹಕ್ಕು ನಮಗಿದೆ. ಕಳೆದ ಅರವತ್ತು ವರ್ಷಗಳಲ್ಲಿ ಪ್ರಯೋಗಶಾಲೆಗಳು ಈ ಪ್ರಶ್ನೆಗೆ ಏನೆಂದು ಉತ್ತರ ಕೊಟ್ಟಿವೆ, ಆ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಈ ಹೊತ್ತಿನ ವಿಚಾರ.

ಮೊದಲು ಕಷ್ಟದ ಪ್ರಮಾಣವನ್ನು ತಿಳಿಯೋಣ. ಮನುಷ್ಯನ ಒಂದು ಕೋಶದಲ್ಲಿರುವ ಡಿಎನ್‌ಎಯನ್ನು ಬಿಡಿಸಿ ತುದಿಗೆ ತುದಿ ಜೋಡಿಸಿದರೆ ಸುಮಾರು 2 ಮೀಟರು ಉದ್ದವಾಗುತ್ತದೆ. ಅದು ಸುತ್ತಿಕೊಂಡು ಮಲಗಿರುವುದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಅಗಲದ ಕೋಶಕೇಂದ್ರದಲ್ಲಿ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಬಂದ ಎರಡು ಪ್ರತಿಗಳಲ್ಲಿ ಪ್ರತಿಯೊಂದರಲ್ಲಿಯೂ ಸುಮಾರು 300 ಕೋಟಿ ಅಕ್ಷರಗಳಿವೆ. ಈ ಅಕ್ಷರಗಳ ಸಾಲಿನಲ್ಲಿ ತಮಗೆ ಬೇಕಾದ ಒಂದು ಪುಟ್ಟ ಪದವನ್ನು, ಆರರಿಂದ ಹನ್ನೆರಡು ಅಕ್ಷರಗಳ ಪದವನ್ನು, ಗುರುತಿಸಿ ಹಿಡಿಯುವ ಸುಮಾರು 1600 ಬಗೆಯ ಪ್ರೋಟೀನುಗಳು ಮನುಷ್ಯನಲ್ಲಿವೆ. ಅವುಗಳಲ್ಲಿ ಹಲವು ಅಲ್ಲಿ ನಿಲ್ಲುವುದು ಕೆಲವೇ ಸೆಕೆಂಡುಗಳು. ಬಂದು, ಮುಟ್ಟಿ, ಹೊರಟುಹೋಗುವ ಈ ಅತಿಥಿಗಳ ಹೆಜ್ಜೆಯನ್ನು ಹಿಡಿಯುವುದು ಹೇಗೆ?

ಕಥೆ ಆರಂಭವಾಗುವುದು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವವನ್ನು, ಹಾಲಿನ ಸಕ್ಕರೆ ದೊರೆತಾಗ ಮಾತ್ರ ಹೇರಳವಾಗಿ ತಯಾರಿಸುತ್ತದೆ, ದೊರೆಯದಿದ್ದಾಗ ಸುಮ್ಮನಿರುತ್ತದೆ. ಇದನ್ನು ವರ್ಷಗಟ್ಟಲೆ ಪರಿಶೀಲಿಸಿದ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ 1961ರಲ್ಲಿ ಒಂದು ಊಹೆಯನ್ನು ಮುಂದಿಟ್ಟರು. ಆ ಕಿಣ್ವದ ಜೀನಿನ ಬಾಗಿಲಿನಲ್ಲಿ ಒಬ್ಬ ಕಾವಲುಗಾರ ಕುಳಿತಿದ್ದಾನೆ. ಸಕ್ಕರೆ ಬಂದಾಗ ಅವನು ಎದ್ದು ಹೋಗುತ್ತಾನೆ, ಜೀನು ಕೆಲಸಕ್ಕೆ ತೊಡಗುತ್ತದೆ. ಈ ಕಾವಲುಗಾರನನ್ನು ಅವರು ಕಂಡಿರಲಿಲ್ಲ. ಅವನು ಪ್ರೋಟೀನೋ ಮತ್ತೊಂದು ಬಗೆಯ ಅಣುವೋ ಎಂಬುದೂ ಖಚಿತವಿರಲಿಲ್ಲ. ಬ್ಯಾಕ್ಟೀರಿಯಗಳ ಸಂಕರಗಳಿಂದ, ತರ್ಕದ ಬಲದಿಂದ ಮಾತ್ರವೇ ಅವನ ಇರವನ್ನು ಅವರು ಸಾಧಿಸಿದ್ದರು. 1965ರಲ್ಲಿ ಇವರಿಗೆ ಆಂದ್ರೆ ಲ್ವೋಫ್ ಅವರೊಡನೆ ನೊಬೆಲ್ ಪಾರಿತೋಷಕ ಬಂದಾಗಲೂ ಕಾವಲುಗಾರ ಯಾರ ಕೈಗೂ ಸಿಕ್ಕಿರಲಿಲ್ಲ.

ಸಿಕ್ಕಿದ್ದು ಮರುವರ್ಷ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ. ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯುಲರ್-ಹಿಲ್ ಬ್ಯಾಕ್ಟೀರಿಯದ ಸಾರವನ್ನು ಸಣ್ಣ ರಂಧ್ರಗಳ ಚೀಲದಲ್ಲಿ ತುಂಬಿ, ಸಕ್ಕರೆಯನ್ನು ಹೋಲುವ ಒಂದು ವಿಕಿರಣಶೀಲ ವಸ್ತುವಿನ ದ್ರಾವಣದಲ್ಲಿ ಮುಳುಗಿಸಿಟ್ಟರು. ಆ ಸಣ್ಣ ಅಣು ಚೀಲದ ಒಳಗೂ ಹೊರಗೂ ನಿರಾತಂಕವಾಗಿ ಓಡಾಡಬಲ್ಲುದು. ಆದುದರಿಂದ ಕೊನೆಗೆ ಒಳಗೂ ಹೊರಗೂ ವಿಕಿರಣ ಒಂದೇ ಸಮನಾಗಿರಬೇಕು. ಒಳಗೆ ಒಂದಿಷ್ಟು ಹೆಚ್ಚಾಗಿದ್ದರೆ, ಅಲ್ಲಿ ಯಾರೋ ಅದನ್ನು ಹಿಡಿದುಕೊಂಡಿದ್ದಾರೆ ಎಂದೇ ಅರ್ಥ. ಒಳಗೆ ಹೆಚ್ಚಾಗಿತ್ತು. ಹಿಡಿದುಕೊಂಡಿದ್ದ ಅಣು ಪ್ರೋಟೀನು. ಅದು ಒಂದು ಕೋಶದಲ್ಲಿ ಹತ್ತರ ಆಸುಪಾಸಿನಷ್ಟೇ ಸಂಖ್ಯೆಯಲ್ಲಿತ್ತು. 1967ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಪ್ರೋಟೀನನ್ನು ಡಿಎನ್‌ಎಯೊಡನೆ ಬೆರೆಸಿ ವೇಗವಾಗಿ ತಿರುಗಿಸಿದಾಗ, ಭಾರವಾದ ಡಿಎನ್‌ಎ ತಳಕ್ಕಿಳಿಯುವಾಗ ಪ್ರೋಟೀನೂ ಅದರ ಜೊತೆಯಲ್ಲಿಯೇ ಇಳಿಯುವುದನ್ನು ತೋರಿಸಿದರು. ಸಕ್ಕರೆಯ ಪ್ರತಿರೂಪವನ್ನು ಸೇರಿಸಿದರೆ ಪ್ರೋಟೀನು ಕೈಬಿಟ್ಟು ಹಿಂದೆ ಉಳಿಯುತ್ತಿತ್ತು. ಅದೇ ವರ್ಷ ಅದೇ ವಿಶ್ವವಿದ್ಯಾನಿಲಯದ ಮಾರ್ಕ್ ಟಾಶ್ನೆ ಲ್ಯಾಂಬ್ಡ ಎಂಬ ವೈರಸಿನ ಕಾವಲುಗಾರನನ್ನೂ ಹೀಗೆಯೇ ಡಿಎನ್‌ಎಗೆ ಅಂಟಿಕೊಂಡಂತೆ ಕಂಡರು. ಊಹೆ ವಸ್ತುವಾಯಿತು.

ಅಲ್ಲಿಂದ ಮುಂದೆ ಗಾಜಿನ ನಳಿಕೆಯ ವಿಧಾನಗಳ ಕಾಲ. ಅವುಗಳಲ್ಲಿ ಎರಡನ್ನು ಹೇಳಿದರೆ ಸಾಕು. ಮೊದಲನೆಯದನ್ನು 1978ರಲ್ಲಿ ಜಿನೀವಾದ ಡೇವಿಡ್ ಗಾಲಾಸ್ ಮತ್ತು ಆಲ್ಬರ್ಟ್ ಶ್ಮಿಟ್ಜ್ ಪ್ರಕಟಿಸಿದರು. ಅದಕ್ಕೆ ಹೆಜ್ಜೆಗುರುತಿನ ವಿಧಾನವೆಂದೇ ಹೆಸರು. ಬಹುಕಾಲ ಗೋಡೆಯ ಮೇಲೆ ತೂಗುಹಾಕಿದ್ದ ಪಟವನ್ನು ತೆಗೆದಾಗ ಅಲ್ಲಿ ಬಣ್ಣ ಮಾಸದ ಒಂದು ಚೌಕ ಉಳಿದಿರುತ್ತದಷ್ಟೆ. ಪಟ ಇಲ್ಲದಿದ್ದರೂ ಪಟದ ಆಕಾರ ಇದೆ. ಇಲ್ಲಿಯೂ ಹಾಗೆಯೇ. ಡಿಎನ್‌ಎಯನ್ನು ಎಲ್ಲೆಂದರಲ್ಲಿ ಕತ್ತರಿಸುವ ಒಂದು ಕಿಣ್ವವನ್ನು ಹಿತಮಿತವಾಗಿ ಸೇರಿಸುತ್ತಾರೆ. ತುಂಡುಗಳನ್ನು ಉದ್ದದ ಕ್ರಮದಲ್ಲಿ ವಿಂಗಡಿಸಿದಾಗ ಅವು ಏಣಿಯ ಮೆಟ್ಟಿಲುಗಳಂತೆ ಸಾಲಾಗಿ ಕಾಣುತ್ತವೆ. ಪ್ರೋಟೀನು ಕುಳಿತಿದ್ದ ಕಡೆ ಕತ್ತರಿ ಆಡಲಾರದು. ಅಲ್ಲಿ ಮೆಟ್ಟಿಲುಗಳು ಕಾಣೆಯಾಗಿರುತ್ತವೆ. ಕಾಣೆಯಾದ ಮೆಟ್ಟಿಲುಗಳೇ ಪ್ರೋಟೀನಿನ ವಿಳಾಸ.

ಎರಡನೆಯದನ್ನು 1981ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ಪ್ರಕಟಿಸಿದವು. ಜಾತ್ರೆಯ ನೂಕುನುಗ್ಗಲಿನಲ್ಲಿ ಬರಿಗೈಯಲ್ಲಿ ನಡೆಯುವವನು ಸಂದಿನಲ್ಲಿ ನುಸುಳಿ ಮುಂದೆ ಹೋಗುತ್ತಾನೆ. ತಲೆಯ ಮೇಲೆ ಗಂಟು ಹೊತ್ತವನು ಹಿಂದೆ ಬೀಳುತ್ತಾನೆ. ಮೆದುವಾದ ಲೋಳೆಯಂಥ ಜೆಲ್‌ನಲ್ಲಿ ವಿದ್ಯುತ್ತಿನ ಸೆಳೆತಕ್ಕೆ ಸಿಕ್ಕಿದ ಡಿಎನ್‌ಎಯ ತುಂಡು ಸಹ ಬರಿದಾಗಿದ್ದರೆ ವೇಗವಾಗಿ ಓಡುತ್ತದೆ, ಪ್ರೋಟೀನನ್ನು ಹೊತ್ತಿದ್ದರೆ ಹಿಂದೆ ಉಳಿಯುತ್ತದೆ. ಇಷ್ಟು ಸರಳವಾದ ಈ ಉಪಾಯ ಇಂದಿಗೂ ಸಾವಿರಾರು ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದೆ.

ಆದರೆ ನಳಿಕೆಯಲ್ಲಿ ಕಂಡದ್ದು ಕೋಶದಲ್ಲಿಯೂ ನಡೆಯುತ್ತದೆ ಎನ್ನಲು ಪ್ರಮಾಣವೇನು? ನಳಿಕೆಯಲ್ಲಿರುವುದು ಬೆತ್ತಲೆ ಡಿಎನ್‌ಎ. ಕೋಶದಲ್ಲಿಯಾದರೋ ಅದು ಹಿಸ್ಟೋನ್ ಎಂಬ ಪ್ರೋಟೀನುಗಳ ಉಂಡೆಗಳಿಗೆ, ಒಂದೊಂದು ಉಂಡೆಗೆ ಸುಮಾರು 147 ಅಕ್ಷರಗಳಂತೆ, ಸುತ್ತಿಕೊಂಡಿರುತ್ತದೆ. ನಳಿಕೆಯಲ್ಲಿ ಕೈಚಾಚಿ ಕರೆದ ಸ್ಥಳ ಕೋಶದಲ್ಲಿ ಮಡಿಕೆಯೊಳಗೆ ಅಡಗಿರಬಹುದು. ಇಬ್ಬರನ್ನು ಒಂದು ಕೋಣೆಯಲ್ಲಿ ಕೂಡಿಹಾಕಿದರೆ ಮಾತಾಡಿಯಾರು. ಊರಿನ ಸಂತೆಯಲ್ಲಿ ಅವರು ಒಬ್ಬರನ್ನೊಬ್ಬರು ಎದುರುಗೊಳ್ಳುತ್ತಾರೆಯೇ ಎಂಬುದು ಬೇರೆಯ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಸಂತೆಗೇ ಹೋಗಬೇಕು.

ಹೋದವರಲ್ಲಿ ಮೊದಲಿಗರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಡೇವಿಡ್ ಗಿಲ್ಮೋರ್ ಮತ್ತು ಜಾನ್ ಲಿಸ್. 1984ರಲ್ಲಿ ಅವರು ಜೀವಂತ ಬ್ಯಾಕ್ಟೀರಿಯಗಳ ಮೇಲೆ ಅತಿನೇರಳೆ ಕಿರಣವನ್ನು ಹಾಯಿಸಿ, ಆ ಕ್ಷಣದಲ್ಲಿ ಡಿಎನ್‌ಎಯನ್ನು ಮುಟ್ಟಿಕೊಂಡಿದ್ದ ಪ್ರೋಟೀನುಗಳನ್ನು ಅಲ್ಲಿಯೇ ಬೆಸೆದುಬಿಟ್ಟರು. ಬಳಿಕ ಹಣ್ಣುನೊಣದ ಕೋಶಗಳ ಸರದಿ. ಈ ಕೋಶಗಳಿಗೆ ಬಿಸಿ ತಗುಲಿದಾಗ ರಕ್ಷಣೆಗಾಗಿ ಕೆಲಸಕ್ಕಿಳಿಯುವ ಒಂದು ಜೀನು ಉಂಟು. ಬಿಸಿ ತಗುಲುವ ಮೊದಲೇ, ಜೀನು ಮೌನವಾಗಿರುವಾಗಲೇ, ಅದನ್ನು ಓದಬೇಕಾದ ಪ್ರೋಟೀನು ಅದರ ಆರಂಭದಲ್ಲಿ ಸಿದ್ಧವಾಗಿ ಕುಳಿತಿರುತ್ತದೆ ಎಂಬುದನ್ನು ಅವರು 1986ರಲ್ಲಿ ತೋರಿಸಿದರು. ಪರದೆ ಏಳುವ ಮುನ್ನವೇ ಪಾತ್ರಧಾರಿ ರಂಗದ ಮೇಲಿದ್ದಾನೆ! ಗಾಜಿನ ನಳಿಕೆ ಈ ಸುದ್ದಿಯನ್ನು ಎಂದಿಗೂ ಕೊಡುತ್ತಿರಲಿಲ್ಲ.

ಕಿರಣದ ಬದಲಿಗೆ ಇನ್ನೊಂದು ಬೆಸುಗೆ ಬಂದಿತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಅದರ ಘಾಟು ನೆನಪಿರಬೇಕು. ಗಾಜಿನ ಜಾಡಿಗಳಲ್ಲಿ ಕಪ್ಪೆ, ಹಾವು, ಮೀನುಗಳನ್ನು ಕೊಳೆಯದಂತೆ ಹಿಡಿದಿಟ್ಟಿದ್ದ ಆ ಫಾರ್ಮಲಿನ್. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಬಹಳ ಪುಟ್ಟ ಅಣು. ಕೋಶದೊಳಕ್ಕೆ ಕ್ಷಿಪ್ರವಾಗಿ ನುಗ್ಗುತ್ತದೆ. ತೀರ ಹತ್ತಿರವಿರುವ ಎರಡು ಅಣುಗಳ ನಡುವೆ ಸೇತುವೆಯಾಗಿ ನಿಲ್ಲುತ್ತದೆ. ಇದಕ್ಕಿರುವ ದೊಡ್ಡ ಗುಣವೆಂದರೆ ಬಿಸಿ ಮಾಡಿದರೆ ಈ ಸೇತುವೆ ಕಳಚಿಕೊಳ್ಳುತ್ತದೆ. ಮಾರ್ಕ್ ಸಾಲೊಮನ್, ಅಲೆಕ್ಸಾಂಡರ್ ವರ್ಶಾವ್ಸ್ಕಿ ಮತ್ತು ಸಂಗಡಿಗರು 1985ರಿಂದ 1988ರ ಅವಧಿಯಲ್ಲಿ ಇದನ್ನು ಬಳಕೆಗೆ ತಂದರು.

ಈ ಕ್ರಮ ಹೀಗೆ. ಜೀವಂತ ಕೋಶಗಳಿಗೆ ನೂರಕ್ಕೆ ಒಂದರ ಪ್ರಮಾಣದಲ್ಲಿ ಫಾರ್ಮಾಲ್ಡಿಹೈಡನ್ನು ಸುಮಾರು ಹತ್ತು ನಿಮಿಷ ಉಣಿಸುತ್ತಾರೆ. ಎಲ್ಲವೂ ಇದ್ದಲ್ಲಿಯೇ ಕಲ್ಲಾಗುತ್ತದೆ. ಕೋಶಗಳನ್ನು ಒಡೆದು, ಕಿವಿಗೆ ಕೇಳಿಸದ ಧ್ವನಿತರಂಗಗಳಿಂದ ಡಿಎನ್‌ಎಯನ್ನು ಕೆಲವು ನೂರು ಅಕ್ಷರಗಳ ತುಂಡುಗಳಾಗಿ ಚೂರು ಮಾಡುತ್ತಾರೆ. ಆಮೇಲೆ, ನಮಗೆ ಬೇಕಾದ ಪ್ರೋಟೀನನ್ನು ಮಾತ್ರ ಗುರುತಿಸಬಲ್ಲ ಪ್ರತಿಕಾಯವನ್ನು ಗಾಳದಂತೆ ಇಳಿಬಿಡುತ್ತಾರೆ. ಗಾಳಕ್ಕೆ ಪ್ರೋಟೀನು ಸಿಕ್ಕುತ್ತದೆ; ಪ್ರೋಟೀನಿನ ಕೈಯಲ್ಲಿ, ಬಿಡಲಾಗದೆ ಹಿಡಿದುಕೊಂಡ ಡಿಎನ್‌ಎಯ ಚೂರು ಇರುತ್ತದೆ. ರಾತ್ರಿಯಿಡೀ 65 ಡಿಗ್ರಿ ಶಾಖದಲ್ಲಿಟ್ಟರೆ ಬೆಸುಗೆ ಬಿಟ್ಟು ಚೂರು ಬೇರೆಯಾಗುತ್ತದೆ. ಆ ಚೂರಿನ ಅಕ್ಷರಗಳನ್ನು ಓದಿದರೆ ಪ್ರೋಟೀನು ಎಲ್ಲಿ ಕುಳಿತಿತ್ತೆಂದು ತಿಳಿಯುತ್ತದೆ.

ಮೊದಮೊದಲು ಒಂದೊಂದೇ ಜೀನನ್ನು ಹೀಗೆ ವಿಚಾರಿಸಬೇಕಾಗಿತ್ತು. ಡಿಎನ್‌ಎಯ ಓದು ಅಗ್ಗವಾಗಿ ವೇಗವಾದ ಮೇಲೆ, 2007ರಲ್ಲಿ, ಸಿಕ್ಕ ಚೂರುಗಳೆಲ್ಲವನ್ನೂ ಒಟ್ಟಿಗೆ ಓದಿ ಇಡೀ ಗ್ರಂಥದ ನಕ್ಷೆಯನ್ನು ಬರೆಯುವುದು ಸಾಧ್ಯವಾಯಿತು. ಆ ವರ್ಷ ಹೀಗೆ ನಕ್ಷೆಗೆ ಬಂದ ಪ್ರೋಟೀನುಗಳಲ್ಲಿ ಒಂದು, ನರಕೋಶಗಳಲ್ಲದ ಕೋಶಗಳಲ್ಲಿ ನರಕೋಶದ ಜೀನುಗಳ ಬಾಯಿ ಮುಚ್ಚಿಸುವ ಕೆಲಸ ಮಾಡುವಂಥದು. ಮನುಷ್ಯನ ಡಿಎನ್‌ಎಯಲ್ಲಿ ಅದು ಕುಳಿತ 1946 ಸ್ಥಳಗಳು ಒಂದೇ ಪ್ರಯೋಗದಲ್ಲಿ ಸಿಕ್ಕವು. ಯಕೃತ್ತಿನ ಕೋಶ ಏಕೆ ಮಿದುಳಿನ ಕೋಶದಂತಾಗುವುದಿಲ್ಲ ಎಂದು ಆರಂಭದಲ್ಲಿ ಕೇಳಿಕೊಂಡೆವಲ್ಲ, ಆ ಪ್ರಶ್ನೆಯ ಉತ್ತರದ ಒಂದು ಪುಟ ಇಲ್ಲಿದೆ.

ಇದು ಕೇವಲ ಪಂಡಿತರ ಕುತೂಹಲವಲ್ಲ. ಸ್ತನದ ಅರ್ಬುದಗಳಲ್ಲಿ ಸುಮಾರು ಮುಕ್ಕಾಲು ಪಾಲು ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಗ್ರಾಹಕವನ್ನು ಹೊಂದಿರುತ್ತವೆ. ಆ ಗ್ರಾಹಕವೂ ಡಿಎನ್‌ಎಯ ಮೇಲೆ ಕೂರುವ ಪ್ರೋಟೀನೇ. ಟಮಾಕ್ಸಿಫೆನ್ ಮಾತ್ರೆ ತಡೆಯುವುದು ಅದನ್ನೇ. ಕೆಲವರಲ್ಲಿ ಚಿಕಿತ್ಸೆ ಫಲಿಸಿ, ಇನ್ನು ಕೆಲವರಲ್ಲಿ ರೋಗ ಮರಳುವುದೇಕೆ? ಕೇಂಬ್ರಿಜ್‌ನ ಸಂಶೋಧಕರು 2012ರಲ್ಲಿ, ರೋಗಿಗಳ ಗೆಡ್ಡೆಗಳಲ್ಲಿಯೇ ಈ ಗ್ರಾಹಕ ಕುಳಿತ ಸ್ಥಳಗಳನ್ನು ಗುರುತಿಸಿ, ಚೇತರಿಸಿಕೊಂಡವರ ನಕ್ಷೆಗೂ ರೋಗ ಉಲ್ಬಣಿಸಿದವರ ನಕ್ಷೆಗೂ ವ್ಯತ್ಯಾಸವಿರುವುದನ್ನು ಪ್ರಕಟಿಸಿದರು. ಎಲ್ಲಿ ಮುಟ್ಟಿತು ಎಂಬ ಪ್ರಶ್ನೆಯ ಹಿಂದೆ ಒಬ್ಬ ತಾಯಿಯ, ಒಬ್ಬ ಸೋದರಿಯ ಆಯುಷ್ಯ ನಿಂತಿದೆ. ಹಾಗಿರುವುದರಿಂದಲೇ ನಕ್ಷೆ ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ಕೇಳಬೇಕಾಗಿದೆ.

ಕೇಳಿದವರಿಗೆ ಸಿಕ್ಕ ಉತ್ತರ ಸುಖಕರವಾಗಿರಲಿಲ್ಲ. ಯೀಸ್ಟಿನಲ್ಲಿ ಕೆಲವು ಪ್ರೋಟೀನುಗಳಿವೆ. ಜೀನುಗಳನ್ನು ಮೌನವಾಗಿಸುವುದೇ ಅವುಗಳ ವೃತ್ತಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅವುಗಳ ನಕ್ಷೆ ಬರೆದವರಿಗೆ ಒಂದು ವಿಚಿತ್ರ ಎದುರಾಯಿತು. ಮೌನದ ಪ್ರೋಟೀನುಗಳು ಅತ್ಯಂತ ಗದ್ದಲದಿಂದ ಕೆಲಸಮಾಡುತ್ತಿದ್ದ ಜೀನುಗಳ ಮೇಲೆಯೂ ಕುಳಿತಂತೆ ಕಂಡವು. ಹೊಸ ಸಿದ್ಧಾಂತವೊಂದನ್ನು ಕಟ್ಟಲು ಇದು ಸಾಕಾಗಿತ್ತು. ಅವರು ಕಟ್ಟಲಿಲ್ಲ. ಅದರ ಬದಲು ಕಡಲಿನ ಲೋಳೆಮೀನಿನಿಂದ ದೊರೆತ ಒಂದು ಹಸಿರು ಹೊಳಪಿನ ಪ್ರೋಟೀನನ್ನು ಯೀಸ್ಟಿನ ಕೋಶಕೇಂದ್ರದಲ್ಲಿಟ್ಟು ಅದೇ ಪ್ರಯೋಗವನ್ನು ನಡೆಸಿದರು. ಯೀಸ್ಟಿನ ಡಿಎನ್‌ಎಗೂ ಅದಕ್ಕೂ ಯಾವ ನಂಟೂ ಇಲ್ಲ. ಆದರೂ ಅದೇ ಗದ್ದಲದ ಜೀನುಗಳ ಮೇಲೆ ಅದೂ ಕುಳಿತಂತೆ ಕಂಡಿತು! ಎಂದರೆ, ಆ ಸ್ಥಳಗಳಲ್ಲಿ ಕಂಡದ್ದು ಪ್ರೋಟೀನಿನ ಸ್ವಭಾವವಲ್ಲ, ವಿಧಾನದ ದೋಷ. 2013ರಲ್ಲಿ ಅವರು ಇದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು.

ಇನ್ನೊಂದು ಉದಾಹರಣೆ ಇದಕ್ಕೆ ತದ್ವಿರುದ್ಧವಾದುದು. ಕೋಶ ಎರಡಾಗುವ ಹೊತ್ತಿನಲ್ಲಿ ವರ್ಣತಂತುಗಳು ಬಿಗಿದುಕೊಂಡು, ಅವುಗಳ ಮೇಲಿದ್ದ ನಿಯಂತ್ರಕ ಪ್ರೋಟೀನುಗಳಲ್ಲಿ ಹೆಚ್ಚಿನವು ಚದುರಿಹೋಗುತ್ತವೆ ಎಂದು ಬಹುಕಾಲ ನಂಬಲಾಗಿತ್ತು. ಹಾಗಾದರೆ ಹುಟ್ಟಿದ ಮರಿಕೋಶಕ್ಕೆ ತಾನು ಯಾರೆಂದು ನೆನಪಿರುವುದು ಹೇಗೆ ಎಂಬುದು ಒಗಟಾಗಿತ್ತು. 2016ರಲ್ಲಿ, ಬರ್ಕ್ಲಿಯ ಇನ್ನೊಂದು ತಂಡ ಇಲಿಯ ಆಕರಕೋಶಗಳಲ್ಲಿ ಸಾಕ್ಸ್-2 ಎಂಬ ಪ್ರೋಟೀನಿಗೆ ಹೊಳೆಯುವ ಬಣ್ಣ ಕಟ್ಟಿ, ಕೋಶವನ್ನು ಕೊಲ್ಲದೆ, ಬದುಕಿರುವಾಗಲೇ ನೋಡಿತು. ಪ್ರೋಟೀನು ವರ್ಣತಂತುವಿನ ಮೇಲೆಯೇ ಇತ್ತು. ಅದೇ ಕೋಶಕ್ಕೆ ಫಾರ್ಮಾಲ್ಡಿಹೈಡ್ ಹಾಕಿದೊಡನೆ ಅದು ವರ್ಣತಂತುವನ್ನು ಬಿಟ್ಟು ಹೊರಗೆ ಚದುರಿತು. ಇದ್ದದ್ದನ್ನು ಇದ್ದಂತೆ ಹಿಡಿದಿಡಬೇಕಾದ ಬೆಸುಗೆಯೇ ಅತಿಥಿಯನ್ನು ಎಬ್ಬಿಸಿ ಕಳುಹಿಸಿತ್ತು. ನೋಡಿದವರು ಮನೆ ಖಾಲಿ ಎಂದು ಬರೆದುಕೊಂಡಿದ್ದರು.

ಒಂದರಲ್ಲಿ ಇಲ್ಲದ್ದು ಕಂಡಿತು, ಇನ್ನೊಂದರಲ್ಲಿ ಇದ್ದದ್ದು ಕಾಣಲಿಲ್ಲ. ಹಾಗೆಂದು ವಿಧಾನವನ್ನು ಎಸೆಯಬೇಕೆ? ನ್ಯಾಯಾಲಯದಲ್ಲಿ ಒಬ್ಬ ಸಾಕ್ಷಿ ತಪ್ಪಿದನೆಂದು ವಿಚಾರಣೆಯನ್ನೇ ನಿಲ್ಲಿಸುವುದಿಲ್ಲ. ಅವನಿಗೆ ಸಂಬಂಧಪಡದ ಬೇರೊಬ್ಬ ಸಾಕ್ಷಿಯನ್ನು ಕರೆಯುತ್ತಾರೆ. ಇಲ್ಲಿ ನಡೆದದ್ದೂ ಅದೇ. 2000ದಲ್ಲಿಯೇ ಬಾಸ್ ವಾನ್ ಸ್ಟೀನ್ಸೆಲ್ ಮತ್ತು ಸ್ಟೀವನ್ ಹೆನಿಕಾಫ್ ಬೆಸುಗೆಯೂ ಪ್ರತಿಕಾಯವೂ ಬೇಡದ ಒಂದು ದಾರಿಯನ್ನು ಕಂಡಿದ್ದರು. ಕೈಗೆ ಅರಿಸಿನ ಮೆತ್ತಿಕೊಂಡ ಮಗು ಮನೆಯಲ್ಲಿ ಓಡಾಡಿದರೆ ಅದು ಎಲ್ಲೆಲ್ಲಿ ಕೈಯಿಟ್ಟಿತೆಂದು ಸಂಜೆಯ ಹೊತ್ತಿಗೆ ಗೋಡೆಗಳೇ ಹೇಳುತ್ತವೆ. ಅಂತೆಯೇ, ಡಿಎನ್‌ಎಯ ಮೇಲೆ ರಾಸಾಯನಿಕ ಚುಕ್ಕೆಯನ್ನಿಡುವ ಬ್ಯಾಕ್ಟೀರಿಯದ ಕಿಣ್ವವೊಂದನ್ನು ಪ್ರೋಟೀನಿಗೆ ಜೋಡಿಸಿ ಕೋಶದಲ್ಲಿ ಬಿಟ್ಟರೆ, ಅದು ಹೋದಲ್ಲೆಲ್ಲ ಗುರುತು ಬೀಳುತ್ತದೆ. ಎಲ್ಲಿ ಎಂಬುದು ತಿಳಿಯುತ್ತದೆ. ಯಾವ ಗಳಿಗೆಯಲ್ಲಿ ಎಂಬುದು ತಿಳಿಯುವುದಿಲ್ಲ. 2017ರಲ್ಲಿ ಪೀಟರ್ ಸ್ಕೀನ್ ಮತ್ತು ಹೆನಿಕಾಫ್ ಮತ್ತೊಂದನ್ನು ರೂಪಿಸಿದರು. ಕೋಶವನ್ನು ಬೆಸೆಯದೆ, ಅದರ ಪೊರೆಯಲ್ಲಿ ಸಣ್ಣ ರಂಧ್ರ ಮಾಡಿ, ಪ್ರತಿಕಾಯದ ಬೆನ್ನಿಗೆ ಒಂದು ಕತ್ತರಿಕಿಣ್ವವನ್ನು ಕಟ್ಟಿ ಒಳಗೆ ಕಳುಹಿಸುತ್ತಾರೆ. ಕ್ಯಾಲ್ಸಿಯಮ್ ಕೊಟ್ಟೊಡನೆ ಕತ್ತರಿ ಎಚ್ಚರಗೊಂಡು ಪ್ರೋಟೀನಿನ ಅಕ್ಕಪಕ್ಕದ ಡಿಎನ್‌ಎಯನ್ನು ಮಾತ್ರ ಕತ್ತರಿಸುತ್ತದೆ. ಆ ತುಂಡು ತೇಲಿ ಹೊರಬರುತ್ತದೆ. ಹಳೆಯ ವಿಧಾನಕ್ಕೆ ಲಕ್ಷಗಟ್ಟಲೆ ಕೋಶಗಳು ಬೇಕಾಗಿದ್ದರೆ ಇದಕ್ಕೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಆದರೆ ಇದೂ ಪ್ರತಿಕಾಯವನ್ನು ನಂಬಿದೆ. ಪ್ರತಿಕಾಯ ಬೇರೆ ಪ್ರೋಟೀನನ್ನು ಹಿಡಿದರೆ, ಇಲ್ಲಿಯೂ ಸುಳ್ಳು ವಿಳಾಸವೇ ದೊರೆಯುತ್ತದೆ.

ಹೀಗೆ ಒಂದೊಂದು ವಿಧಾನಕ್ಕೂ ಅದರದೇ ಕುರುಡು ಇದೆ. ಒಂದರ ಕುರುಡು ಇನ್ನೊಂದರದಲ್ಲ ಎಂಬುದೇ ನಮ್ಮ ಆಸರೆ. ಬೇರೆ ಬೇರೆ ದಾರಿಯಿಂದ ಹೋದವರು ಒಂದೇ ಮನೆಯ ಬಾಗಿಲಲ್ಲಿ ಸೇರಿದರೆ ಆಗ, ವಿಳಾಸ ಸರಿ ಎನ್ನಬಹುದು. ಇದರ ಜೊತೆಗೆ ಲೋಳೆಮೀನಿನ ಪ್ರೋಟೀನಿನಂಥ, ಏನೂ ಸಂಬಂಧವಿಲ್ಲದ ಒಬ್ಬ ಸಾಕ್ಷಿಯನ್ನು ಪ್ರತಿಸಲವೂ ಕಟೆಕಟೆಯಲ್ಲಿ ನಿಲ್ಲಿಸಬೇಕು. ಅವನೂ 'ಕಂಡೆ' ಎಂದರೆ, ಉಳಿದವರ ಮಾತನ್ನು ಬರೆದುಕೊಳ್ಳುವ ಮುನ್ನ ಲೇಖನಿಯನ್ನು ಕೆಳಗಿಡಬೇಕು. ತನಗೆ ಇಷ್ಟವಾದ ಫಲಿತಾಂಶ ಬಂದಾಗ ಈ ಸಾಕ್ಷಿಯನ್ನು ಕರೆಯುವುದಕ್ಕೆ ಬುದ್ಧಿಗಿಂತ ಹೆಚ್ಚಾಗಿ ಧೈರ್ಯ ಬೇಕು.

ಪ್ಯಾರಿಸಿನ ಆ ಕಾವಲುಗಾರನ ಮಾತು ಹೇಳಿ ಮುಗಿಸುತ್ತೇನೆ. 2007ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು ಅದೇ ಪ್ರೋಟೀನಿಗೆ ಹೊಳೆಯುವ ಗುರುತು ಕಟ್ಟಿ, ಬದುಕಿರುವ ಬ್ಯಾಕ್ಟೀರಿಯದಲ್ಲಿ ಅದರ ಒಂದೊಂದು ಅಣುವನ್ನೂ ಬಿಡಿಯಾಗಿ ಕಂಡರು. ಸಕ್ಕರೆಯ ಪ್ರತಿರೂಪ ಬಂದಾಗ ಅದು ತನ್ನ ಸ್ಥಳದಿಂದ ಎದ್ದುಹೋಗುವುದನ್ನೂ ಮತ್ತೆ ಬಂದು ಕೂರುವುದನ್ನೂ ಅಳೆದರು. ತನ್ನ ಸ್ಥಳವನ್ನು ಹುಡುಕುವಾಗ ಅದು ನೂರಕ್ಕೆ ತೊಂಬತ್ತು ಪಾಲು ಸಮಯವನ್ನು ಡಿಎನ್‌ಎಯ ಉದ್ದಕ್ಕೂ, ತನ್ನದಲ್ಲದ ಅಕ್ಷರಗಳ ಮೇಲೆ ಕ್ಷಣಕ್ಷಣ ಕೈಯಿಟ್ಟು ತಡವುತ್ತಾ ಜಾರುವುದರಲ್ಲಿ ಕಳೆಯುತ್ತದೆ. 1961ರಲ್ಲಿ ಊಹೆಯಾಗಿದ್ದುದು, 1966ರಲ್ಲಿ ಚೀಲದೊಳಗಿನ ಅಲ್ಪ ವ್ಯತ್ಯಾಸವಾಗಿದ್ದುದು, ನಲವತ್ತಾರು ವರ್ಷಗಳ ಬಳಿಕ ಬೆಳಕಿನ ಚುಕ್ಕೆಯಾಗಿ ಕಣ್ಣಿಗೆ ಬಿದ್ದಿತು. 'ನೀವು ಕಂಡಿರಾ?' ಎಂಬ ಪ್ರಶ್ನೆಗೆ, ಈ ಒಂದು ಪ್ರೋಟೀನಿನ ಮಟ್ಟಿಗಾದರೂ, 'ಹೌದು' ಎನ್ನುವ ದಿನ ಬಂದಿತು. ಉಳಿದ ಪ್ರೋಟೀನುಗಳಲ್ಲಿ ಹೆಚ್ಚಿನವುಗಳ ವಿಷಯದಲ್ಲಿ ನಮ್ಮಲ್ಲಿರುವುದು ಇನ್ನೂ ಅವು ಬಿಟ್ಟುಹೋದ ಗುರುತುಗಳು ಮಾತ್ರ. ಗುರುತನ್ನು ಗುರುತೆಂದೇ ತಿಳಿದು, ಅದನ್ನು ಹತ್ತು ಕಡೆಯಿಂದ ಪರೀಕ್ಷಿಸಿ ಆಮೇಲೆ ಮಾತಾಡುವುದು ಪ್ರಯೋಗಶಾಲೆ ನಮಗೆ ಕಲಿಸುವ ಪಾಠ. ಪ್ರಯೋಗಶಾಲೆಯ ಹೊರಗೂ ಅದು ಉಪಯೋಗಕ್ಕೆ ಬಾರದ ಪಾಠವೇನಲ್ಲ.